ಬಳೆಗಳ ಪಕ್ಕದ ಬ್ಯಾಂಡು

(ಸಂಘದ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ, ಪುಣೆಯಲ್ಲಿ, ಆಡಿದ ಮಾತುಗಳ ಬರಹರೂಪ)

 

ಹೋದ ತಿಂಗಳು ಕಾರ್ಯದರ್ಶಿಯವರು ಫೋನ್ ಮಾಡಿ, "ನೀವು ಕಂಪ್ಯೂಟರಿನವರು, ಕೈಗೆ ಕಟ್ಟುವ ಈ ಫಿಟ್‌ನೆಸ್ ಬ್ಯಾಂಡಿನ ಬಗ್ಗೆ ನಾಲ್ಕು ಮಾತಾಡಿ" ಎಂದರು. ನಾನು ವೈದ್ಯೆಯಲ್ಲ, ವ್ಯಾಯಾಮ ಶಿಕ್ಷಕಿಯೂ ಅಲ್ಲ. ಹಿಂಜೇವಾಡಿಯಲ್ಲಿ ದಿನಕ್ಕೆ ಒಂಬತ್ತು ತಾಸು ಪರದೆಯ ಮುಂದೆ ಕೂರುವವಳು. ಆದರೆ ಸೆನ್ಸರುಗಳಿಂದ ಬರುವ ಮಾಹಿತಿಯನ್ನು ಸೋಸುವುದೇ ನನ್ನ ಕೆಲಸ, ನಾಲ್ಕು ವರ್ಷದಿಂದ ಈ ಬ್ಯಾಂಡನ್ನು ಕಟ್ಟಿಕೊಂಡೂ ಇದ್ದೇನೆ. ಆ ಎರಡು ಧೈರ್ಯದ ಮೇಲೆ ಇಲ್ಲಿ ನಿಂತಿದ್ದೇನೆ.

ಮೊದಲು ಒಂದು ಎಣಿಕೆ. ಇಂಥ ಬ್ಯಾಂಡಾಗಲಿ ಸ್ಮಾರ್ಟ್‌ವಾಚಾಗಲಿ ಮನೆಯಲ್ಲಿ ಇರುವವರು ಕೈ ಎತ್ತಿ. ಪರವಾಗಿಲ್ಲ, ಮುಕ್ಕಾಲು ಸಭೆ ಎತ್ತಿದೆ. ಈಗ, ಇವತ್ತು ಅದನ್ನು ಕಟ್ಟಿಕೊಂಡು ಬಂದವರು ಮಾತ್ರ ಕೈ ಎತ್ತಿಟ್ಟುಕೊಳ್ಳಿ. (ನಗು) ಉಳಿದವು ಕಪಾಟಿನಲ್ಲಿ, ಹಳೇ ಚಾರ್ಜರುಗಳ ಜೊತೆ ಮಲಗಿವೆ ಅಂತಾಯಿತು. ಬೇಸರ ಮಾಡಿಕೊಳ್ಳಬೇಡಿ. ಹುಟ್ಟುಹಬ್ಬಕ್ಕೆ ಮಗ ತಂದುಕೊಡುತ್ತಾನೆ, ಎರಡು ತಿಂಗಳು ಉತ್ಸಾಹ, ಆಮೇಲೆ ಒಂದು ದಿನ ಚಾರ್ಜಿಗೆ ಇಟ್ಟಿದ್ದನ್ನು ಮತ್ತೆ ತೆಗೆಯುವುದಿಲ್ಲ. ಎಲ್ಲ ಮನೆಯಲ್ಲೂ ಇದೇ ಕಥೆ.

ಒಳಗೆ ಏನಿದೆ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಒಳಗಿನ ಮರ್ಮ ಗೊತ್ತಾದರೆ ಅದರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅನ್ನುವುದೂ ಗೊತ್ತಾಗುತ್ತದೆ. ಅದರಲ್ಲಿ ಆಕ್ಸೆಲೆರೋಮೀಟರ್ ಎಂಬ ಸಾಸಿವೆಕಾಳಿನಷ್ಟು ಚಿಕ್ಕ ಚಿಪ್ ಇರುತ್ತದೆ. ತೀರಾ ತೆಳುವಾದ ಸಿಲಿಕಾನ್ ಸ್ಪ್ರಿಂಗುಗಳಿಗೆ ತೂಗುಬಿಟ್ಟ ಒಂದು ಪುಟಾಣಿ ತೂಕ. ಕೈ ಅಲುಗಿದರೆ ಆ ತೂಕ ಅಲುಗುತ್ತದೆ, ಅದು ಎಷ್ಟು ಸರಿಯಿತು ಎಂಬುದನ್ನು ಚಿಪ್ ವಿದ್ಯುತ್ ಸಂಕೇತವಾಗಿ ಓದಿಕೊಳ್ಳುತ್ತದೆ. ನಾವು ನಡೆಯುವಾಗ ಆ ಅಲುಗಾಟಕ್ಕೆ ಒಂದು ತಾಳ ಇರುತ್ತದೆ, ಸೆಕೆಂಡಿಗೆ ಸುಮಾರು ಎರಡು ಏರಿಳಿತ. ಆ ತಾಳ ಸಿಕ್ಕಿದರೆ "ಹೆಜ್ಜೆ" ಎಂದು ಬರೆದುಕೊಳ್ಳುತ್ತದೆ. ಅಂದರೆ ಅದು ಕಾಲನ್ನು ನೋಡುತ್ತಲೇ ಇಲ್ಲ. ಕೈಯನ್ನು ನೋಡಿ ಕಾಲನ್ನು ಊಹಿಸುತ್ತದೆ.

ಇದರಿಂದ ಆಗುವ ತಮಾಷೆ ಕೇಳಿ. ನಮ್ಮ ಅತ್ತೆಯವರು ವಿಜಯಪುರದ ಕಡೆಯವರು, ಮನೆಯಲ್ಲಿ ದಿನಾ ಜೋಳದ ರೊಟ್ಟಿ. ಒಂದು ಬೆಳಿಗ್ಗೆ ನನ್ನ ಬ್ಯಾಂಡನ್ನು ಅವರ ಕೈಗೆ ಕಟ್ಟಿದೆ. ಕಟ್ಟೆಯ ಮುಂದೆ ನಿಂತಲ್ಲೇ ನಿಂತು ಹದಿನಾರು ರೊಟ್ಟಿ ಬಡಿದರು. ಮುಗಿಯುವ ಹೊತ್ತಿಗೆ ಬ್ಯಾಂಡು ನೂರಾರು ಹೆಜ್ಜೆ ತೋರಿಸುತ್ತಿತ್ತು. ಬಡಿತದ ತಾಳ ನಡಿಗೆಯ ತಾಳಕ್ಕೆ ಹತ್ತಿರ ಇದೆ, ಅಷ್ಟೆ. ಅದೇ ಅತ್ತೆಯವರು ಮಂಡೈನಿಂದ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ನಡೆದು ಬಂದಾಗ ಕೈ ಬೀಸಲಿಲ್ಲ, ಅರ್ಧ ಹೆಜ್ಜೆಗಳು ಲೆಕ್ಕಕ್ಕೇ ಬರಲಿಲ್ಲ. ಮಗುವಿನ ಗಾಡಿ ತಳ್ಳುವಾಗಲೂ ಹೀಗೇ ಆಗುತ್ತದೆ. ಅಡುಗೆಮನೆಯಲ್ಲಿ ಒಲೆಯಿಂದ ಫ್ರಿಜ್ಜಿಗೆ ಮೂರು ಹೆಜ್ಜೆ, ಅಲ್ಲಿಂದ ಸಿಂಕಿಗೆ ಎರಡು, ಇಂಥವನ್ನು ಹಲವು ಬ್ಯಾಂಡುಗಳು ಕೈಬಿಡುತ್ತವೆ, ಸತತವಾಗಿ ಒಂದಿಷ್ಟು ಹೆಜ್ಜೆ ಬಿದ್ದ ಮೇಲೆಯೇ ಅದು ನಡಿಗೆ ಎಂದು ನಂಬುವಂತೆ ಅವನ್ನು ರೂಪಿಸಿರುತ್ತಾರೆ. ಕೈಬೀಸಿಕೊಂಡು ಪಾರ್ಕಿನಲ್ಲಿ ಓಡಾಡುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಯಂತ್ರ ಇದು. ನಮ್ಮ ಬೆಳಗಿನ ಹೊತ್ತು ಅದರ ಲೆಕ್ಕದಲ್ಲಿ ಅರೆಬರೆ.

ಹಿಂಬದಿಯಲ್ಲಿ ಹಸಿರು ದೀಪ ಮಿನುಗುವುದನ್ನು ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿಗೆ ರಕ್ತ ತುಸು ಹೆಚ್ಚು ನುಗ್ಗುತ್ತದೆ, ಆಗ ಮರಳಿ ಬರುವ ಬೆಳಕು ತುಸು ಕಡಿಮೆಯಾಗುತ್ತದೆ. ಆ ಏರಿಳಿತವೇ ನಾಡಿ. ಬ್ಯಾಂಡು ಸಡಿಲವಾಗಿದ್ದು ಬಳೆಗಳು ಅದನ್ನು ಕುಟ್ಟುತ್ತಿದ್ದರೆ ಹೊರಗಿನ ಬೆಳಕು ನುಗ್ಗಿ ಲೆಕ್ಕ ಕೆಡುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲೆ, ಬಳೆ ಕಡಿಮೆ ಇರುವ ಕೈಗೆ, ಬಿಗಿಯಾಗಿ ಕಟ್ಟಿ. ಅದು ಹೇಳುವ ಕ್ಯಾಲೊರಿಯನ್ನು ಮಾತ್ರ ನಂಬಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಬಗೆಯ ಬ್ಯಾಂಡುಗಳನ್ನು ಪರೀಕ್ಷಿಸಿದರು. ಏಳರಲ್ಲಿ ಆರು ನಾಡಿಯನ್ನು ಶೇ. 5ಕ್ಕಿಂತ ಕಡಿಮೆ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿ ವಿಷಯಕ್ಕೆ ಬಂದರೆ ಅತ್ಯುತ್ತಮವಾದುದೇ ಸರಾಸರಿ ಶೇ. 27ರಷ್ಟು ತಪ್ಪಿತು, ಅತಿ ಕೆಟ್ಟದ್ದು ಶೇ. 93. ಹಾಗಾಗಿ "ಇವತ್ತು 300 ಕ್ಯಾಲೊರಿ ಕರಗಿದೆ, ಒಂದು ಹೋಳಿಗೆ ತಿನ್ನಬಹುದು" ಎಂಬ ವ್ಯಾಪಾರ ಬೇಡ. ಹೋಳಿಗೆ ತಿನ್ನುವುದಿದ್ದರೆ ಹೋಳಿಗೆ ಅಂತಲೇ ತಿನ್ನಿ.

"ಹತ್ತು ಸಾವಿರ ಹೆಜ್ಜೆ ಆಗಲೇಬೇಕಂತಲ್ಲ?" ಎಂದು ಒಬ್ಬ ಅಕ್ಕ ಒಳಗೆ ಬರುವಾಗಲೇ ಕೇಳಿದರು. ಈ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತೇ? ಟೋಕಿಯೊ ಒಲಿಂಪಿಕ್ಸ್ 1964ರಲ್ಲಿ ನಡೆಯಿತು. ಮರುವರ್ಷ ಯಮಾಸಾ ಎಂಬ ಜಪಾನಿನ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಕೆಯ ಯಂತ್ರವನ್ನು ಮಾರಾಟಕ್ಕೆ ತಂದು ಅದಕ್ಕೆ ‘ಮಾಂಪೊ-ಕೇ’ ಎಂದು ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದರ್ಥ. ಕಿವಿಗೆ ಹಿತವಾದ ದುಂಡು ಸಂಖ್ಯೆ. ಅರವತ್ತು ವರ್ಷದಿಂದ ಜಗತ್ತೆಲ್ಲ ಅದನ್ನೇ ಹಿಡಿದುಕೊಂಡಿದೆ.

2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಾರ್ವರ್ಡ್‌ನ ಸಂಶೋಧಕರು ಅಮೆರಿಕದ 16,741 ಮಹಿಳೆಯರ ಹೆಜ್ಜೆಗಳನ್ನು ಯಂತ್ರದಿಂದಲೇ ಎಣಿಸಿ, ಮುಂದಿನ ಕೆಲವು ವರ್ಷ ಅವರನ್ನು ಗಮನಿಸಿದರು. ಸರಾಸರಿ ವಯಸ್ಸು 72, ಅಂದರೆ ನಮ್ಮ ಅತ್ತೆ, ಅಮ್ಮಂದಿರ ವಯಸ್ಸು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆ ಇತ್ತು. ಸುಮಾರು 7,500ರ ನಂತರ ಲಾಭ ಹೆಚ್ಚುತ್ತಾ ಹೋಗಲಿಲ್ಲ. ಎಂಜಿನಿಯರ್ ಆಗಿ ಒಂದು ಮಾತು ಸೇರಿಸಲೇಬೇಕು: ಆರೋಗ್ಯವಾಗಿರುವವರೇ ಹೆಚ್ಚು ನಡೆಯುತ್ತಾರೆ ಅನ್ನುವುದೂ ಇದರಲ್ಲಿ ಒಂದಿಷ್ಟು ಸೇರಿರುತ್ತದೆ. ಆದರೂ ಎಪ್ಪತ್ತರ ಹರೆಯದವರಿಗೆ ಹತ್ತು ಸಾವಿರದ ಭಯ ಹುಟ್ಟಿಸಿ ಕೂರಿಸುವುದಕ್ಕಿಂತ, ಈಗಿರುವುದಕ್ಕೆ ಒಂದೂವರೆ ಸಾವಿರ ಕೂಡಿಸಿ ಎನ್ನುವುದು ಲೇಸು.

ಈಗ ಮುಖ್ಯ ಪ್ರಶ್ನೆ. ಸಂಖ್ಯೆ ನೋಡಿದ ಮಾತ್ರಕ್ಕೆ ನಾವು ಎದ್ದು ನಡೆಯುತ್ತೇವೆಯೇ? ಬ್ಯಾಂಡುಗಳು ಬರುವ ಮೊದಲೇ, ಸಾದಾ ಹೆಜ್ಜೆ ಎಣಿಕೆಯ ಯಂತ್ರಗಳ ಕುರಿತ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿಯೊಂದು 2007ರಲ್ಲಿ ಬಂತು. ಯಂತ್ರ ಕಟ್ಟಿಕೊಂಡವರು ದಿನಕ್ಕೆ ಸುಮಾರು ಎರಡರಿಂದ ಎರಡೂವರೆ ಸಾವಿರ ಹೆಜ್ಜೆ ಹೆಚ್ಚು ನಡೆದರು. ಅದರಲ್ಲೂ "ಇಂತಿಷ್ಟು ನಡೆಯುತ್ತೇನೆ" ಎಂದು ಗುರಿ ಇಟ್ಟುಕೊಂಡವರದ್ದೇ ಹೆಚ್ಚಿನ ಪಾಲು. ಇನ್ನೊಂದು ಕಡೆ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ತೂಕ ಇಳಿಸಲು ಬಯಸಿದ ಯುವಜನರನ್ನು ಎರಡು ವರ್ಷ ನೋಡಿದರು. ಬ್ಯಾಂಡು ಕಟ್ಟಿಕೊಂಡ ಗುಂಪು ಸರಾಸರಿ 3.5 ಕಿಲೊ ಇಳಿಸಿತು. ಬ್ಯಾಂಡಿಲ್ಲದೆ ತಾವೇ ಬರೆದಿಟ್ಟುಕೊಂಡ ಗುಂಪು 5.9 ಕಿಲೊ! ಎರಡನ್ನೂ ಸೇರಿಸಿ ನಾನು ಓದುವುದು ಹೀಗೆ: ನಡೆಸುವುದಕ್ಕೆ ಇದು ಸಹಾಯ ಮಾಡುತ್ತದೆ, ತೂಕ ಇಳಿಸುವ ಯಂತ್ರ ಇದಲ್ಲ. ತೂಕಕ್ಕಾಗಿ ಕೊಂಡವರ ಬ್ಯಾಂಡೇ ಬೇಗ ಕಪಾಟು ಸೇರುವುದು.

ನನ್ನದು ತೂಕದ ಕಾರಣವಲ್ಲ. ಎರಡನೆಯ ಬಸಿರಿನಲ್ಲಿ ನನಗೆ ಸಕ್ಕರೆ ಕಾಣಿಸಿಕೊಂಡಿತ್ತು. ಹೆರಿಗೆಯಾದ ಮೇಲೆ ಅದು ಹೋಯಿತು, ಆದರೆ ಹಾಗೆ ಒಮ್ಮೆ ಬಂದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಮಗುವಿಗೆ ಎರಡು ವರ್ಷವಾದಾಗ ನನ್ನ ಎಚ್‌ಬಿಎ1ಸಿ 5.9 ಬಂತು. 5.7ರಿಂದ 6.4ರವರೆಗಿನದು ಹೊಸ್ತಿಲು, ಒಳಗೂ ಅಲ್ಲ, ಹೊರಗೂ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಈ ಹೊಸ್ತಿಲ ಮೇಲೆ ನಿಂತವರು 13.6 ಕೋಟಿ, ದಾಟಿದವರು 10.1 ಕೋಟಿ. ಈ ಸಭಾಂಗಣದಲ್ಲೂ ನನ್ನ ಜೊತೆ ನಿಂತವರು ಇದ್ದಾರೆ ಅಂತ ಗೊತ್ತು, ಹೆಸರು ಹೇಳುವುದಿಲ್ಲ.

ಮೊದಲ ಒಂದು ವಾರ ಬ್ಯಾಂಡನ್ನು ಸುಮ್ಮನೆ ಕಟ್ಟಿಕೊಂಡೆ, ದಿನಚರಿ ಏನೂ ಬದಲಿಸಲಿಲ್ಲ. ಮನೆಯಿಂದಲೇ ಕೆಲಸ ಮಾಡಿದ ದಿನಗಳಲ್ಲಿ ಎರಡು ಸಾವಿರದ ಆಸುಪಾಸು. ಆಫೀಸಿಗೆ ಹೋದ ದಿನ ನಾಲ್ಕೂವರೆ. ಬೆಳಗಿನಿಂದ ರಾತ್ರಿಯವರೆಗೆ ಒಂದು ನಿಮಿಷ ಪುರಸೊತ್ತಿಲ್ಲದೆ ಓಡಾಡಿದ ಹಾಗೆ ಮೈ ಹೇಳುತ್ತದೆ. ದಣಿವು ಬೇರೆ, ನಡಿಗೆ ಬೇರೆ ಎಂದು ಆ ವಾರ ಸಂಖ್ಯೆಯಲ್ಲಿ ಕಂಡಿತು. "ಮನೆಗೆಲಸವೇ ನಮಗೆ ವ್ಯಾಯಾಮ" ಎನ್ನುವ ಅಕ್ಕಂದಿರು ದಯವಿಟ್ಟು ಒಂದು ವಾರ ನಾಡಿಯ ಗೆರೆಯನ್ನು ನೋಡಿ. ನಿಂತು ನಿಂತು ಕಾಲು ಸೋತಿರುತ್ತದೆ, ಆದರೆ ಎದೆಬಡಿತ ಸತತವಾಗಿ ಹತ್ತು ನಿಮಿಷ ಏರಿರುವುದು ಅಪರೂಪ.

ಗುರಿಯನ್ನು ಹತ್ತು ಸಾವಿರಕ್ಕೆ ಇಡಲಿಲ್ಲ, ಮೂರು ಸಾವಿರಕ್ಕೆ ಇಟ್ಟೆ. ಮುಟ್ಟಿದ ಮೇಲೆ ನಾಲ್ಕಕ್ಕೆ. ಅದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ರಾತ್ರಿ ಊಟದ ನಂತರದ ಹತ್ತು ನಿಮಿಷ. ಇದಕ್ಕೂ ಆಧಾರ ಇದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಮಧುಮೇಹ ಇರುವ 41 ಮಂದಿಯನ್ನು ನೋಡಿದರು. ದಿನದಲ್ಲಿ ಯಾವಾಗಲಾದರೂ ಅರ್ಧ ತಾಸು ನಡೆಯುವುದಕ್ಕಿಂತ, ಮೂರೂ ಊಟದ ನಂತರ ಹತ್ತು ಹತ್ತು ನಿಮಿಷ ನಡೆದಾಗ ಊಟದ ಮೇಲಿನ ಸಕ್ಕರೆ ಶೇ. 12ರಷ್ಟು ಕಡಿಮೆ ಇತ್ತು. ರಾತ್ರಿ ಊಟದ ನಂತರವಂತೂ ಶೇ. 22. ಕಾರಣ ಸರಳ: ಕೆಲಸ ಮಾಡುವ ಸ್ನಾಯು ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಅನ್ನ, ರೊಟ್ಟಿಯ ಸಕ್ಕರೆ ರಕ್ತಕ್ಕಿಳಿಯುವ ಹೊತ್ತಿಗೇ ಕಾಲಿಗೆ ಕೆಲಸ ಕೊಟ್ಟರೆ ಅಷ್ಟು ಒಳ್ಳೆಯದು. ನಮ್ಮ ಅಜ್ಜಂದಿರು ಇದಕ್ಕೆ ‘ಶತಪಾವಲಿ’ ಎನ್ನುತ್ತಿದ್ದರು, ಇಲ್ಲಿಯ ಮರಾಠಿ ಮನೆಗಳಲ್ಲಿ ಇಂದಿಗೂ ಆ ಶಬ್ದ ಬಳಕೆಯಲ್ಲಿದೆ. ನೂರು ಹೆಜ್ಜೆ. ಬ್ಯಾಂಡು ಹತ್ತು ನಿಮಿಷಕ್ಕೆ ಸಾವಿರ ತೋರಿಸುತ್ತದೆ. ಪುಣೆಯ ಮಳೆಗಾಲದಲ್ಲಿ ನಾನು ಸೊಸೈಟಿಯ ಪಾರ್ಕಿಂಗಿನಲ್ಲಿ ಕಾರುಗಳ ನಡುವೆ ಸುತ್ತುತ್ತೇನೆ. ವಾಚ್‌ಮನ್ ಮೊದಮೊದಲು "ಏನಾದರೂ ಕಳೆದಿದೆಯಾ ಮೇಡಂ" ಎಂದು ಕೇಳುತ್ತಿದ್ದ.

ಆಮೇಲಿನ ವರ್ಷ 5.7 ಬಂತು. ಅದರ ಮರುವರ್ಷ ಪ್ರಾಜೆಕ್ಟ್ ಬಿಡುಗಡೆಯ ಗದ್ದಲದಲ್ಲಿ 5.8. ಹೊಸ್ತಿಲ ಮೇಲೇ ಇದ್ದೇನೆ, ಆದರೆ ಒಳಗೆ ಹೋಗಿಲ್ಲ.

ರಾತ್ರಿ ಒಂಬತ್ತಕ್ಕೆ ಚಪ್ಪಲಿ ಮೆಟ್ಟಿದರೆ ಮನೆಯಲ್ಲಿ ಕೇಳುವ ಪ್ರಶ್ನೆ ನಿಮಗೆ ಗೊತ್ತು: "ಈಗೆಲ್ಲಿಗೆ?" ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ 289 ನಿಮಿಷ, ಗಂಡಸರು 88. ಇಷ್ಟರ ನಡುವೆ ತನಗಾಗಿ ಹತ್ತು ನಿಮಿಷ ಎಂದರೆ ಅದಕ್ಕೊಂದು ಕಾರಣ ಒದಗಿಸಬೇಕು ಎನ್ನುವ ಹಾಗೆ ನಮ್ಮನ್ನು ಬೆಳೆಸಿದ್ದಾರೆ. ಬ್ಯಾಂಡು ನನಗೆ ಆ ಕಾರಣ ಒದಗಿಸಿತು. "ಇನ್ನೂ ಸಾವಿರದ ಇನ್ನೂರು ಬಾಕಿ ಇದೆ" ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. "ನನಗೆ ಹೋಗಬೇಕೆನಿಸಿದೆ" ಎಂದರೆ ಕೇಳುತ್ತಿದ್ದರು. ಸಿಟ್ಟು ಬರುತ್ತದೆ, ನಿಜ. ಸಿಟ್ಟು ಮಾಡಿಕೊಳ್ಳುತ್ತಲೇ ನಡೆಯುತ್ತೇನೆ, ಹೆಜ್ಜೆ ಜೋರಾಗಿ ಬೀಳುತ್ತದೆ. (ನಗು)

"ಫೋನೇ ಹೆಜ್ಜೆ ಎಣಿಸುತ್ತದಲ್ಲ, ಬ್ಯಾಂಡು ಯಾಕೆ?" ಅಂತ ನಮ್ಮ ಯಜಮಾನರು ಕೇಳಿದ್ದರು. ಎಣಿಸುತ್ತದೆ, ಅವರ ಪ್ಯಾಂಟಿಗೆ ಜೇಬಿದೆ. ಸೀರೆಗೆ, ಸಲ್ವಾರಿಗೆ ಎಲ್ಲಿದೆ?

ನಮ್ಮ ಅವ್ವನ ಸಂಗತಿ ಹೇಳಬೇಕು. ಅವ್ವ ಧಾರವಾಡದಲ್ಲಿ ಒಬ್ಬಳೇ ಇದ್ದಾಳೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಎಡಗಾಲಿನ ಒಂದು ಬೆರಳನ್ನು ಆಗಲೇ ತೆಗೆಸಿಯಾಗಿದೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಸೋಲುತ್ತವೆ, ಗಾಯವಾದರೂ ನೋವು ಗೊತ್ತಾಗುವುದಿಲ್ಲ. ವೈದ್ಯರೇ ಹೇಳಿದ ಮೇಲೆ ಆಕೆಗೂ ಒಂದು ಬ್ಯಾಂಡು ಕೊಡಿಸಿದೆ, ಆಕೆಯ ಒಪ್ಪಿಗೆಯಿಂದಲೇ ಅದರ ಸಂಖ್ಯೆ ನನ್ನ ಫೋನಿಗೂ ಬರುವಂತೆ ಇಟ್ಟೆವು. ಸಾಧನಕೇರಿಯ ಕಡೆ ಸಂಜೆ ನಡಿಗೆ, ದಿನಕ್ಕೆ ನಾಲ್ಕೂವರೆ, ಐದು ಸಾವಿರ. ಹೋದ ಶ್ರಾವಣದಲ್ಲಿ ಒಂದು ಸೋಮವಾರ ಒಂಬತ್ತು ಸಾವಿರ ಇತ್ತು. ಮರುದಿನ ಎಂಟುನೂರು. ಅದರ ಮರುದಿನವೂ ಅಷ್ಟೇ. ಫೋನ್ ಮಾಡಿದರೆ, "ಏನಿಲ್ಲವಾ, ಇಲ್ಲಿ ಮಳಿ ಜೋರೈತಿ, ಹೊರಗ ಹೋಗಿಲ್ಲ" ಅಂದಳು. ನಾಲ್ಕನೆಯ ದಿನವೂ ಸಂಖ್ಯೆ ಏಳದಿದ್ದಾಗ ಅಲ್ಲೇ ಇರುವ ಚಿಕ್ಕಮ್ಮನ ಮಗನನ್ನು ಮನೆಗೆ ಕಳಿಸಿದೆ. ಶ್ರಾವಣ ಸೋಮವಾರ ಗುಡಿಯಲ್ಲಿ ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕಿದ್ದಾಳೆ, ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಒಡೆದು ಕೀವು ಕಟ್ಟಿದೆ. ನೋವಿಲ್ಲ, ಹಾಗಾಗಿ ಸಣ್ಣದು ಅಂದುಕೊಂಡಿದ್ದಾಳೆ. ಆದರೆ ಸೋಂಕಿಗೆ ಮೈ ಬಿಸಿಯಾಗಿ, ಸುಸ್ತಾಗಿ ಮಲಗಿದ್ದಾಳೆ. ಅಂದೇ ಆಸ್ಪತ್ರೆ, ಗಾಯ ಸ್ವಚ್ಛ ಮಾಡಿಸಿದ್ದು, ಮೂರು ವಾರ ಪಟ್ಟಿ. ಕಾಲು ಉಳಿಯಿತು.

ಗಾಯ ಮಾಯ್ದ ಮೇಲೆ ಅವ್ವ ಬ್ಯಾಂಡು ಬಿಚ್ಚಿಟ್ಟಳು. "ನನ್ನ ಮ್ಯಾಲ ಪೊಲೀಸರನ್ನ ಇಟ್ಟೀಯೇನ? ಎಷ್ಟ ನಡದೆ ಅಂತ ಗಡಿಯಾರಕ್ಕ ಗೊತ್ತಾತು, ಯಾಕ ನಿಂತೆ ಅಂತ ಗೊತ್ತಾತೇನ?" ಎಂದು ಕೇಳಿದಳು. ನಾನು ಸೋಸುವ ಮಾಹಿತಿಯ ಬಗ್ಗೆ ಇಷ್ಟು ಸರಿಯಾದ ಟೀಕೆಯನ್ನು ನಮ್ಮ ಆಫೀಸಿನ ಯಾವ ಸಭೆಯಲ್ಲೂ ಕೇಳಿಲ್ಲ. ಈಗ ಹೊಸ ಕರಾರು ಮಾಡಿಕೊಂಡಿದ್ದೇವೆ. ಸಂಖ್ಯೆ ನನ್ನ ಫೋನಿಗೆ ತಾನಾಗಿ ಬರುವುದಿಲ್ಲ. ರಾತ್ರಿ ಆಕೆ ಹೇಳಬೇಕೆನಿಸಿದರೆ ಹೇಳುತ್ತಾಳೆ, ನನ್ನದನ್ನೂ ಕೇಳುತ್ತಾಳೆ, ನನ್ನದು ಕಡಿಮೆಯಿದ್ದರೆ ಬೈಯುತ್ತಾಳೆ. ದಿನಾ ರಾತ್ರಿ ಕನ್ನಡಿ ಹಿಡಿದು ಎರಡೂ ಅಂಗಾಲು ನೋಡಿಕೊಳ್ಳುತ್ತಾಳೆ, ಭಾನುವಾರ ಅದರ ಫೋಟೊ ಕಳಿಸುತ್ತಾಳೆ. ಸಕ್ಕರೆ ಇರುವ ಹಿರಿಯರು ಮನೆಯಲ್ಲಿದ್ದರೆ ಹೆಜ್ಜೆಯ ಸಂಖ್ಯೆಗಿಂತ ಮೊದಲು ಈ ಅಂಗಾಲಿನ ಅಭ್ಯಾಸ ಮಾಡಿಸಿ, ಅದಕ್ಕೆ ಹತ್ತು ರೂಪಾಯಿಯೂ ಬೇಡ.

ಪೊಲೀಸಿನ ಮಾತು ಬಂತು, ಹೇಳಿಬಿಡುತ್ತೇನೆ. ಓಟಗಾರರು ಬಳಸುವ ಸ್ಟ್ರಾವಾ ಎಂಬ ಆ್ಯಪ್, ಜನ ಎಲ್ಲೆಲ್ಲಿ ಓಡುತ್ತಾರೆ ಎಂಬ ನಕಾಶೆಯನ್ನು ಪ್ರಕಟಿಸಿತ್ತು. 2018ರ ಜನವರಿಯಲ್ಲಿ ಅದನ್ನು ನೋಡಿದವರಿಗೆ ಮರುಭೂಮಿಯ ನಡುವಿನ ಸೇನಾ ನೆಲೆಗಳೇ ಹೊಳೆಯುತ್ತಾ ಕಂಡವು. ಸೈನಿಕರ ಗುಟ್ಟೇ ಹೀಗಾದರೆ, ನೀವು ದಿನಾ ಎಷ್ಟು ಗಂಟೆಗೆ, ಯಾವ ದಾರಿಯಲ್ಲಿ ಒಬ್ಬರೇ ನಡೆಯುತ್ತೀರಿ ಎನ್ನುವುದು? ನಕಾಶೆ ಹಂಚುವುದನ್ನು ಆರಿಸಿಡಿ. ಮುಟ್ಟಿನ ದಿನಗಳನ್ನು ಬರೆದಿಡುವ ಆ್ಯಪ್ ಆದರೆ ಇನ್ನೂ ಎಚ್ಚರ ಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ, ಆದರೆ ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಒತ್ತುವುದು ನಮ್ಮ ಬೆರಳೇ.

ಇನ್ನೊಂದು, ಇದು ತುರ್ತಿನದು. ಸೂಜಿ ಚುಚ್ಚದೆ ಸಕ್ಕರೆ ಅಳೆಯುತ್ತದೆ ಎಂದು ಕೆಲವು ಗಡಿಯಾರ, ಉಂಗುರಗಳು ಆನ್‌ಲೈನಿನಲ್ಲಿ ಮಾರಾಟಕ್ಕಿವೆ. ಅಂಥ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ಅದರ ಸಂಖ್ಯೆ ನೋಡಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿಕೊಂಡರೆ ಪ್ರಾಣಕ್ಕೇ ಕುತ್ತು. ತೋಳಿಗೆ ಅಂಟಿಸುವ, ಚರ್ಮದೊಳಗೆ ಸಣ್ಣ ತಂತಿ ಇಳಿಯುವ ಸಿಜಿಎಂ ಬೇರೆ.

ನಿದ್ದೆಯ ಅಂಕದ ಬಗ್ಗೆ ಕೇಳಬೇಡಿ. ಎರಡು ವರ್ಷದ ಮಗು ಇರುವ ಮನೆಯಲ್ಲಿ ನಿದ್ದೆ ಸರಿಯಾಗಿಲ್ಲ ಎಂದು ಹೇಳಲು ಯಂತ್ರ ಬೇಕಾಗಿಲ್ಲ. ನಾನದನ್ನು ಆರಿಸಿಟ್ಟಿದ್ದೇನೆ.

ಯಾವ ಕಂಪನಿಯದು ಕೊಳ್ಳಲಿ ಎಂದು ಹಲವರು ಕೇಳಿದ್ದೀರಿ. ಹೆಜ್ಜೆ, ನಾಡಿ, ಕೂತೇ ಇದ್ದರೆ ಎಬ್ಬಿಸುವ ಅಲಾರಂ, ವಾರಕ್ಕೊಮ್ಮೆ ಚಾರ್ಜು, ಇಷ್ಟಿದ್ದರೆ ಸಾಕು, ಎರಡು ಮೂರು ಸಾವಿರದೊಳಗೆ ಸಿಗುತ್ತದೆ. ಕಪಾಟಿನಲ್ಲಿ ಇರುವವರು ಹೊಸದು ಕೊಳ್ಳಬೇಡಿ, ಇವತ್ತು ಮನೆಗೆ ಹೋಗಿ ಅದನ್ನೇ ಚಾರ್ಜಿಗೆ ಇಡಿ. ಚಾರ್ಜರ್ ಅಡುಗೆಮನೆಯಲ್ಲೇ ಇರಲಿ, ಸ್ನಾನಕ್ಕೆ ಹೋಗುವಾಗ ಸಿಕ್ಕಿಸಿ ಬಂದ ಮೇಲೆ ಕಟ್ಟಿಕೊಂಡರೆ ಮರೆಯುವುದಿಲ್ಲ. ಮಂಡಿನೋವು, ಹೃದಯದ ತೊಂದರೆ ಇರುವವರು ಗುರಿಯನ್ನು ವೈದ್ಯರನ್ನು ಕೇಳಿಯೇ ಇಟ್ಟುಕೊಳ್ಳಿ.

ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ಕೆಲವರು ಪರ್ವತಿ ಗುಡ್ಡ ಹತ್ತುತ್ತಿದ್ದೇವೆ. ನೂರಾ ಮೂರು ಮೆಟ್ಟಿಲು, ಅಗಲವಾಗಿವೆ, ನಡುನಡುವೆ ಕೂರಬಹುದು. ಬ್ಯಾಂಡು ಇಲ್ಲದವರೂ ಬನ್ನಿ. ಮೇಲೆ ಹೋದ ಮೇಲೆ ಅವಲಕ್ಕಿ ಇದೆ, ತರುವವರ ಹೆಸರು ಆಗಲೇ ಬರೆದುಕೊಂಡಿದ್ದೇವೆ.

ಪ್ರಶ್ನೆಗಳಿದ್ದರೆ ಕೇಳಿ, ಆದರೆ ಎಲ್ಲರೂ ಒಮ್ಮೆ ಎದ್ದು ನಿಂತುಕೊಂಡು ಕೇಳೋಣ. ಕಾರ್ಯಕ್ರಮ ಶುರುವಾಗಿ ಒಂದು ತಾಸು ದಾಟಿದೆ, ನನ್ನ ಕೈ ಆಗಲೇ ಎರಡು ಸಲ ಝುಂ ಅಂದಿತು.